ಬಿರುಕು ಮುಚ್ಚುವ ಮುನ್ನ

(ರಾಜ್ಯೋತ್ಸವದ ಅಂಗವಾಗಿ ಸಂಘದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಅಡಿಪಾಯದ ಬಿರುಕಿನ ಮಾತನಾಡುವುದು ಉಚಿತವೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನಿಸದೆ ಇರದು. ನುಡಿಯ ಹಿರಿಮೆ, ನಾಡಿನ ಚರಿತ್ರೆ, ಕವಿಗಳ ಕಾಣಿಕೆ, ಇವು ಈ ದಿನಕ್ಕೆ ಒಪ್ಪುವ ವಿಷಯಗಳು. ಅವುಗಳನ್ನು ಸೊಗಸಾಗಿ ಹೇಳಬಲ್ಲ ವಿದ್ವಾಂಸರೂ ನಮ್ಮಲ್ಲಿ ಇದ್ದಾರೆ. ಆದರೆ ನಾವು ಈ ಮುಂಬಯಿಗೆ ಬಂದದ್ದು ಹೊಟ್ಟೆಪಾಡಿಗಾಗಿ. ಹೋಟೆಲು, ಕಿರಾಣಿ ಅಂಗಡಿ, ಮುದ್ರಣಾಲಯ, ಗೋದಾಮು, ಕಚೇರಿ ಎಂದು ನಾನಾ ಬಗೆಯಲ್ಲಿ ನೆಲೆ ಕಂಡುಕೊಂಡೆವು. ಮನೆ ಎಲ್ಲಿಯೇ ಇರಲಿ, ಮನೆಯ ಅನ್ನ ಹುಟ್ಟುವುದು ಆ ಅಂಗಡಿಯಲ್ಲಿ, ಆ ಅಂಗಡಿ ನಿಂತಿರುವುದು ನೆಲದೊಳಗೆ ಅಡಗಿರುವ ಒಂದು ಅಡಿಪಾಯದ ಮೇಲೆ. ಅದರ ಯೋಗಕ್ಷೇಮವನ್ನು ವರ್ಷಕ್ಕೊಮ್ಮೆ ವಿಚಾರಿಸುವುದು ತಪ್ಪಾಗಲಾರದು.

ಇನ್ನೊಂದು ಕಾರಣವೂ ಉಂಟು. ನವೆಂಬರ್ ಒಂದನೆಯ ತಾರೀಖು ನಮಗೆ ನಾಡಿನ ಹಬ್ಬ. ಇಲ್ಲಿಯ ಕಟ್ಟಡಗಳಿಗೆ ಅದು ಮಳೆಗಾಲ ಬೆನ್ನು ತಿರುಗಿಸಿದ ಕಾಲ. ನಾಲ್ಕು ತಿಂಗಳು ನೀರು ಏನೇನು ಮಾಡಿತೋ ಅದರ ಗುರುತು ಗೋಡೆಯ ಮೇಲೆ ಇನ್ನೂ ಹಸಿಯಾಗಿಯೇ ಇರುತ್ತದೆ. ಮುಂದಿನ ಮಳೆಗೆ ಏಳು ತಿಂಗಳ ಬಿಡುವಿರುತ್ತದೆ. ನೋಡುವುದಕ್ಕೂ ರಿಪೇರಿಗೂ ಇಂಥ ಸಮಯ ಇನ್ನೊಂದಿಲ್ಲ.

ಮೊದಲು ನಾವು ನಿಂತಿರುವ ನೆಲವನ್ನು ನೋಡೋಣ. ಮುಂಬಯಿ ಹಿಂದೆ ಏಳು ದ್ವೀಪಗಳಾಗಿತ್ತು. ನಡುವಣ ಹಿನ್ನೀರು ಜೌಗುಗಳನ್ನು ಮಣ್ಣು ಕಲ್ಲು ತುಂಬಿ ಒಂದುಗೂಡಿಸಿ ಊರು ಮಾಡಿದರು. ಬಲ್ಲಾರ್ಡ್ ಎಸ್ಟೇಟು, ನರೀಮನ್ ಪಾಯಿಂಟು, ಇವೆಲ್ಲ ಸಮುದ್ರದಿಂದ ಗೆದ್ದುಕೊಂಡ ನೆಲ. ಇಂಥ ಕಡೆ ಸ್ವಲ್ಪ ಆಳ ಅಗೆದರೂ ನೀರು. ಅದೂ ಉಪ್ಪು ನೀರು. ಮೇಲಿನಿಂದ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದುದನ್ನು ನಮ್ಮಲ್ಲಿ ಅನೇಕರು ಮೈಮೇಲೆ ಅನುಭವಿಸಿದ್ದಾರೆ.

ನಮ್ಮ ಹಳೆಯ ಊರುಗಳಲ್ಲಿ ಕಟ್ಟಡದ ಕ್ರಮವೇ ಬೇರೆ. ಕರಾವಳಿಯಲ್ಲಿ ಮುರಕಲ್ಲಿನ ಪಂಚಾಂಗ ನೆಲಕ್ಕಿಂತ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಮಾಡಿನ ನೀರು ದೂರ ಬೀಳುತ್ತಿತ್ತು. ಅಂಗಳದ ನೀರಿಗೆ ತೋಡಿತ್ತು. ನೀರಿಗೆ ಹೋಗಲು ದಾರಿ ಮಾಡಿಕೊಟ್ಟು ನಾವು ಮೇಲೆ ಬದುಕುತ್ತಿದ್ದೆವು. ಇಲ್ಲಿಯದು ಹಾಗಲ್ಲ. ಜಾಗಕ್ಕೆ ಚಿನ್ನದ ಬೆಲೆಯಾದ ಕಾರಣ ನೆಲದ ಕೆಳಗೂ ಕೋಣೆ ತೋಡಿದ್ದೇವೆ. ಅಕ್ಕಿ ಬೇಳೆಯ ದಾಸ್ತಾನು, ಕಾಗದದ ರೀಮು, ನೀರಿನ ಪಂಪು, ಕೆಲವೆಡೆ ವಿದ್ಯುತ್ ಮೀಟರುಗಳು, ಎಲ್ಲವೂ ಈ ನೆಲಮಾಳಿಗೆಯಲ್ಲಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಊರಿನಿಂದ ಕೆಲಸಕ್ಕೆ ಬಂದ ಹುಡುಗರು ಹಾಸಿಗೆ ಬಿಡಿಸುವುದೂ ಎಷ್ಟೋ ಕಡೆ ಅಲ್ಲಿಯೇ. ಈ ಕೊನೆಯ ಸಂಗತಿಯನ್ನು ತಾವು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತು ಕೇಳಬೇಕೆಂದು ಬೇಡುತ್ತೇವೆ.

ನೆಲಮಾಳಿಗೆಯೆಂದರೆ ನೀರಿನಲ್ಲಿ ಮುಳುಗಿಸಿದ ಒಂದು ಕಾಂಕ್ರೀಟಿನ ಪೆಟ್ಟಿಗೆ. ಒಂದು ಮೀಟರು ಎತ್ತರದ ನೀರು ಒಂದು ಚದರ ಮೀಟರಿನ ಮೇಲೆ ಸುಮಾರು ಒಂದು ಟನ್ನು ಒತ್ತಡ ಹಾಕುತ್ತದೆ. ಮಳೆಗಾಲದಲ್ಲಿ ಹೊರಗಿನ ನೀರಿನ ಮಟ್ಟ ನೆಲಮಾಳಿಗೆಯ ತಳಕ್ಕಿಂತ ಮೂರು ಮೀಟರು ಮೇಲೆ ನಿಂತಿತೆನ್ನಿ. ಆಗ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ತಳವನ್ನು ನೀರು ಕೆಳಗಿನಿಂದ ಮುನ್ನೂರು ಟನ್ನು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಇಷ್ಟು ಒತ್ತಡಕ್ಕೆ ಕೂದಲೆಳೆಯ ಸಂದು ಸಿಕ್ಕರೂ ಸಾಕು. ಇಂಥ ನೀರನ್ನು ಒಳಗಿನಿಂದ ಒಂದು ಪದರ ಗಿಲಾವು ಬಳಿದು ತಡೆಯುತ್ತೇವೆಂದು ಹೊರಡುವುದು ತೂತು ಕೊಡಕ್ಕೆ ಸುಣ್ಣ ಬಳಿದಂತೆಯೆ ಸರಿ.

ಹಾಗಾದರೆ ಬಿರುಕು ಏಕೆ ಬರುತ್ತದೆ? ಕಾಂಕ್ರೀಟು ಒತ್ತುವ ಭಾರವನ್ನು ಗಟ್ಟಿಯಾಗಿ ತಡೆಯುತ್ತದೆ, ಎಳೆದರೆ ಸೋಲುತ್ತದೆ. ಒತ್ತಡವನ್ನು ತಡೆಯುವ ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ ಎಳೆತಕ್ಕೆ ನಿಲ್ಲುತ್ತದೆ. ಆ ಕೊರತೆ ತುಂಬಲೆಂದೇ ಒಳಗೆ ಕಬ್ಬಿಣದ ಸರಳು ಇಡುವುದು. ಹಸಿ ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ. ಕುಗ್ಗಲು ಎಡೆಯಿಲ್ಲದಿದ್ದರೆ ಬಿರಿಯುತ್ತದೆ. ಆದುದರಿಂದ ಬಿರುಕೆಲ್ಲವೂ ರೋಗವಲ್ಲ. ನಮ್ಮ ದೇಶದ ಕಾಂಕ್ರೀಟು ಸಂಹಿತೆಯಾದ ಐ.ಎಸ್. 456 (2000ನೆಯ ಇಸವಿಯದು), ತೊಂದರೆಯಿಲ್ಲದ ಕಡೆ 0.3 ಮಿಲಿಮೀಟರು ಅಗಲದವರೆಗಿನ ಬಿರುಕನ್ನು ಸಾಮಾನ್ಯವಾಗಿ ಒಪ್ಪುತ್ತದೆ. ಸದಾ ತೇವವಿರುವ, ಮಣ್ಣಿಗೋ ಅಂತರ್ಜಲಕ್ಕೋ ತಾಗಿರುವ ಭಾಗಗಳಲ್ಲಿ ಮಿತಿ 0.2. ಪರಿಸರ ಇನ್ನೂ ಕಠಿನವಾದರೆ 0.1 ಮಾತ್ರ. ನೆಲದಡಿಯ ಉಪ್ಪು ನೀರಿನ ನಡುವೆ ನಿಂತ ಅಡಿಪಾಯಕ್ಕೆ ಯಾವ ಮಿತಿ ಹೊಂದುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿರುಕಿನ ನಡೆಯನ್ನು ಓದುವುದು ಕಷ್ಟದ ವಿದ್ಯೆಯಲ್ಲ. ಗೋಡೆಯಲ್ಲಿ ನೇರ ಮೇಲಿನಿಂದ ಕೆಳಕ್ಕೆ ಇಳಿದು, ಹಲವು ವರ್ಷದಿಂದ ಇದ್ದಂತೆಯೇ ಇರುವ ಸಣ್ಣ ಬಿರುಕು ಬಹುಮಟ್ಟಿಗೆ ಕುಗ್ಗಿದುದರ ಫಲ. ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದರಲ್ಲಿ ಕಿರಿದಾಗುವ ಬಿರುಕು, ಅಡಿಪಾಯದ ಒಂದು ಭಾಗ ಕುಸಿಯುತ್ತಿದೆಯೆಂಬ ಸೂಚನೆ ಇರಬಹುದು. ಧಾರವಾಡ ವಿಜಾಪುರಗಳ ಕಡೆಯವರಿಗೆ ಎರೆ ಮಣ್ಣಿನ ಸ್ವಭಾವ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಾಯಿ ಬಿಡುತ್ತದೆ. ಅಂಥ ಮಣ್ಣಿನ ಮೇಲೆ ನಿಂತ ಕಟ್ಟಡವೂ ಅದರ ಜೊತೆ ಆಡುತ್ತದೆ. ಪುಣೆಯಲ್ಲಿ ನೆಲೆಸಿದ ನಮ್ಮ ನೆಂಟರಿಷ್ಟರಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ. ನೆಲಮಾಳಿಗೆಯ ಗೋಡೆಯ ನಡುಮಟ್ಟದಲ್ಲಿ ಅಡ್ಡಡ್ಡವಾಗಿ ಬಿರುಕು ಬಂದು ಗೋಡೆ ಒಳಕ್ಕೆ ಉಬ್ಬಿದ್ದರೆ, ಹೊರಗಿನ ಮಣ್ಣೂ ನೀರೂ ಅದನ್ನು ತಳ್ಳುತ್ತಿವೆ ಎಂದರ್ಥ. ಅಂಥದನ್ನು ಕಂಡ ದಿನವೇ ಇಂಜಿನಿಯರನ್ನು ಕರೆಯತಕ್ಕದ್ದು. ಗೋಡೆಯೂ ನೆಲವೂ ಕೂಡುವ ಸಂದಿನಲ್ಲಿ, ಕೊಳವೆ ಗೋಡೆಯನ್ನು ತೂರಿ ಬರುವಲ್ಲಿ ನೀರು ಜಿನುಗಿದರೆ, ಅದು ಬೇರೆ ಬೇರೆ ದಿನ ಸುರಿದ ಕಾಂಕ್ರೀಟು ಒಂದಕ್ಕೊಂದು ಬೆಸೆಯದೆ ಉಳಿದ ಜಾಗ.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಒಳಗಿನ ಸರಳಿನ ಗುಂಟ ಓಡುವ, ಕಂದು ಕಲೆ ಬಿಡುವ ಬಿರುಕಿಗೆ. ಒಳ್ಳೆಯ ಕಾಂಕ್ರೀಟು ಸ್ವಭಾವತಃ ಕ್ಷಾರ. ಆ ಕ್ಷಾರದಲ್ಲಿ ಕಬ್ಬಿಣದ ಮೇಲೆ ಒಂದು ತೆಳು ರಕ್ಷಾಪದರ ಹುಟ್ಟಿ ಅದನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಮೆಲ್ಲಮೆಲ್ಲನೆ ಒಳಸೇರಿ ಕ್ಷಾರವನ್ನು ಕಳೆಯುತ್ತದೆ. ಕಡಲ ಉಪ್ಪಿನ ಕ್ಲೋರೈಡು ಆ ಪದರವನ್ನೇ ತೂತು ಮಾಡುತ್ತದೆ. ಆಮೇಲೆ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಉಬ್ಬರಕ್ಕೆ ಕಾಂಕ್ರೀಟು ಸಿಡಿದು ಹೆಕ್ಕಳೆಯಾಗಿ ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಗಿಲಾವು ಉದುರಿದಂತೆ ಕಾಣುತ್ತದೆ. ಒಳಗೆ ನಮ್ಮನ್ನು ಹೊತ್ತಿರುವ ಕಬ್ಬಿಣವೇ ಸಣ್ಣಗಾಗುತ್ತಿರುತ್ತದೆ.

ಈಗ ಇಂದಿನ ಮುಖ್ಯ ಮಾತಿಗೆ ಬರುತ್ತೇವೆ. ಸೋರುವ ಗೋಡೆ ಕಂಡ ಕೂಡಲೆ ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ, ಇದನ್ನು ಯಾವುದರಿಂದ ಮುಚ್ಚಬೇಕು ಎಂಬುದು. ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಈ ನೀರು ಎಲ್ಲಿಂದ ಬರುತ್ತಿದೆ, ಯಾವಾಗ ಬರುತ್ತಿದೆ? ಇದಕ್ಕೆ ಉತ್ತರ ಕಂಡುಕೊಳ್ಳಲು ಯಂತ್ರ ಬೇಡ. ಒಂದು ನೋಟುಬುಕ್ಕು, ಒಂದು ಗಡಿಯಾರ ಸಾಕು. ಗಲ್ಲದ ಮೇಲೆ ಕೂತವರು ಜಮಾಖರ್ಚು ಬರೆಯುವಂತೆಯೇ, ಎರಡು ವಾರ, ದಿನಕ್ಕೆ ನಾಲ್ಕು ಸಲ, ತೇವ ಎಷ್ಟಿದೆಯೆಂದು ಹೊತ್ತಿನೊಡನೆ ಬರೆದಿಡಬೇಕು.

ನೀರು ದಿನವೂ ಗಡಿಯಾರದ ಒಂದೇ ಹೊತ್ತಿಗೆ ಹೆಚ್ಚಿದರೆ ಅದು ಪಾಲಿಕೆಯ ನಲ್ಲಿನೀರು. ನೀರು ಬಿಡುವ ಹೊತ್ತಿಗೆ ಒಡಕು ಕೊಳವೆಯಿಂದ ಹೊರಟಿದೆ. ದಿನಕ್ಕೆ ಎರಡು ಸಲ ಹೆಚ್ಚಿ, ಆ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತಿದ್ದರೆ ಅದು ಕಡಲಿನ ಉಬ್ಬರ. ಕರಾವಳಿಯವರಿಗೆ ಭರತ ಇಳಿತಗಳ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ಬಿದ್ದ ಕೆಲವು ಗಂಟೆಯಲ್ಲಿ ಬಂದು ಮಳೆ ನಿಂತ ಮೇಲೆ ಇಂಗಿದರೆ ಚರಂಡಿಯನ್ನೋ ಹೊರಗಿನ ಇಳಿಜಾರನ್ನೋ ಸಂಶಯಿಸಬೇಕು. ಮಳೆಯಿರಲಿ ಬಿಡಲಿ ಒಂದೇ ಸಮನೆ ಒಸರುತ್ತಿದ್ದರೆ ಅಂತರ್ಜಲವೋ ಮಲಿನನೀರಿನ ಕೊಳವೆಯೋ ಇರಬೇಕು. ನೀರಿನಲ್ಲಿ ಉಪ್ಪಿದೆಯೆ, ನಲ್ಲಿನೀರಿನ ಕ್ಲೋರಿನ್ ಉಳಿದಿದೆಯೆ ಎಂಬುದನ್ನು ಸಣ್ಣ ಪರೀಕ್ಷೆಯಿಂದ ತಿಳಿಯಬಹುದು. ಬಳಕೆಯೆಲ್ಲ ನಿಲ್ಲಿಸಿದ ರಾತ್ರಿಯಲ್ಲಿ ಮೀಟರಿನ ಮುಳ್ಳು ಓಡುತ್ತಿದ್ದರೆ, ಮೀಟರಿನಿಂದ ಒಳಗಿನ ಕೊಳವೆಯಲ್ಲೇ ಎಲ್ಲೋ ಸೋರಿಕೆಯುಂಟು.

ಎಲ್ಲ ತೇವವೂ ಸೋರಿಕೆಯಲ್ಲ ಎಂಬುದನ್ನೂ ಮರೆಯಬಾರದು. ಹೋಟೆಲಿನ ಅಡಿಗೆಮನೆಯ ಹಬೆ ತಣ್ಣನೆಯ ಗೋಡೆಗೆ ತಾಗಿ ಹನಿಗೂಡುತ್ತದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಒಂದು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾದರೆ ಹಬೆ. ಗೋಡೆಯ ಕಡೆಯ ಒಳಮೈ ಒದ್ದೆಯಾದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮೊದಲನೆಯದಕ್ಕೆ ಬೇಕಾದದ್ದು ಗಾಳಿಗೆ ದಾರಿ; ರಾಳ ತುಂಬಿಸುವುದು ಬರಿಯ ದುಡ್ಡಿನ ನಷ್ಟ.

ಇಂಥ ಒಂದು ನೆಲಮಾಳಿಗೆಯನ್ನು ನಾವು ಕಂಡಿದ್ದೇವೆ. ಧಾನ್ಯದ ದಾಸ್ತಾನಿಟ್ಟ ಜಾಗ. ಮೂರು ವರ್ಷದಲ್ಲಿ ಮೂರು ಸಲ ಗಿಲಾವು, ಒಂದು ಸಲ ಟೈಲು. ಪ್ರತಿ ಸಲವೂ ನಾಲ್ಕೈದು ತಿಂಗಳಲ್ಲಿ ಕಲೆ ಮರಳಿ ಮೂಡುತ್ತಿತ್ತು. ಕಡಲು ಹತ್ತಿರವಿದ್ದುದರಿಂದ ಎಲ್ಲರೂ ಕಡಲನ್ನೇ ದೂರಿದರು. ಎರಡು ವಾರ ಹೊತ್ತು ಬರೆದಿಟ್ಟಾಗ ತಿಳಿದದ್ದೇ ಬೇರೆ. ಬೆಳಗಿನ ಜಾವ ನೀರು ಬಿಡುವ ಹೊತ್ತಿಗೆ ಸರಿಯಾಗಿ ಗೋಡೆ ಬೆವರುತ್ತಿತ್ತು, ಮಧ್ಯಾಹ್ನಕ್ಕೆ ಆರುತ್ತಿತ್ತು. ಪಕ್ಕದ ಓಣಿಯಲ್ಲಿ ಮೂರು ಅಡಿ ಅಗೆದಾಗ ನೆಲದಡಿಯ ಕೊಳವೆಯ ಕೂಡಿಕೆ ಸಡಿಲಿದುದು ಕಂಡಿತು. ಕೂಡಿಕೆ ಬದಲಾಯಿಸಿ, ಗೋಡೆ ಒಣಗಿದ ಮೇಲೆ ಬಿರುಕು ತುಂಬಿಸಿದರು. ಅಲ್ಲಿಗೆ ಆ ತಂಟೆ ಮುಗಿಯಿತು. ಮೂರು ಗಿಲಾವಿನ ಖರ್ಚಿನಲ್ಲಿ ಒಂದು ಭಾಗವೂ ಅದಕ್ಕೆ ಬೇಕಾಗಲಿಲ್ಲ.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದೂ ಅಷ್ಟೇ ಮುಖ್ಯ. ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆಯೆಳೆದು ತಾರೀಖು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ಕಡೆ ಗಟ್ಟಿಯಾಗಿ ಅಂಟಿಸಿ ಬಿಡುವುದು ಹಳೆಯ ಕ್ರಮ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಈಗ ಗೆರೆ ಹಾಕಿದ ಪಾರದರ್ಶಕ ಮಾಪಕಗಳು ಸಿಗುತ್ತವೆ. ಎಷ್ಟು ಅಲುಗಿತೆಂಬ ಲೆಕ್ಕವೂ ಸಿಗುತ್ತದೆ. ಒಳಗಿನ ಪರೀಕ್ಷೆಗೆ ಇಂಜಿನಿಯರು ಶಬ್ದದ ಅಲೆಗಳನ್ನು ಹಾಯಿಸಿ ಕಾಂಕ್ರೀಟಿನ ಪೊಳ್ಳು ಅರಿಯುತ್ತಾರೆ, ಸರಳಿನ ತುಕ್ಕಿನ ಸಂಭವವನ್ನು ವಿದ್ಯುತ್ತಿನ ಅಳತೆಯಿಂದ ನೋಡುತ್ತಾರೆ, ಬೇಕಾದರೆ ಉರುಟಾದ ತುಂಡು ಕೊರೆದು ಪ್ರಯೋಗಶಾಲೆಗೆ ಕಳುಹುತ್ತಾರೆ. ಈ ಪರೀಕ್ಷೆಗಳ ಖರ್ಚಿಗೆ ಹಿಂಜರಿಯಬಾರದು.

ಕಾರಣ ತಿಳಿದ ಮೇಲೆ ಮದ್ದು. ಒಣಗಿರುವ, ಅಲುಗಾಟ ನಿಂತಿರುವ, ಭಾರ ಹೊರುವ ಭಾಗದಲ್ಲಿರುವ ಬಿರುಕಿಗೆ ಎಪಾಕ್ಸಿ ರಾಳ ತಕ್ಕದ್ದು. ಬಿರುಕಿನ ಬಾಯನ್ನು ಶುಚಿಮಾಡಿ, ಮೇಲ್ಮೈಯನ್ನು ಅಂಟಿನಿಂದ ಮುಚ್ಚಿ, ನಡುನಡುವೆ ಸಣ್ಣ ನಾಝಲುಗಳನ್ನು ನಿಲ್ಲಿಸುತ್ತಾರೆ. ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ನಾಝಲಿನಿಂದ ರಾಳ ತಳ್ಳಲು ಮೊದಲು ಮಾಡಬೇಕು. ಅದು ಮೇಲಿನ ನಾಝಲಿನಲ್ಲಿ ಇಣುಕಿದಾಗ ಕೆಳಗಿನದನ್ನು ಮುಚ್ಚಿ ಮೇಲಿನದಕ್ಕೆ ಹೋಗಬೇಕು. ಹೀಗೆ ಕೆಳಗಿನಿಂದ ಮೇಲಕ್ಕೆ ತುಂಬಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಸರಿಯಾಗಿ ಮಾಡಿದ ಕೆಲಸ ಒಡೆದ ಎರಡು ಭಾಗಗಳನ್ನು ಮತ್ತೆ ಒಂದಾಗಿ ಬೆಸೆಯುತ್ತದೆ.

ನೀರು ಹರಿಯುತ್ತಿರುವ ಬಿರುಕಿಗೆ ಎಪಾಕ್ಸಿ ಅಷ್ಟಾಗಿ ಹಿಡಿಯದು. ಅಲ್ಲಿ ಪಾಲಿಯುರಿಥೇನ್, ಮೇಸ್ತ್ರಿಗಳ ಬಾಯಲ್ಲಿ ಅದು 'ಪಿ.ಯು.' ಬಿರುಕಿನ ಎಡಬಲಗಳಿಂದ ಓರೆಯಾಗಿ ರಂಧ್ರ ಕೊರೆದು ಗೋಡೆಯ ನಡುವಿನಲ್ಲಿ ಬಿರುಕನ್ನು ಸಂಧಿಸುತ್ತಾರೆ. ಅಲ್ಲಿಂದ ಒತ್ತಡದಲ್ಲಿ ರಾಳ ಬಿಡುತ್ತಾರೆ. ಅದು ನೀರಿನೊಡನೆ ಕೂಡಿ ನೊರೆಯಾಗಿ ಉಬ್ಬಿ ಸಂದು ತುಂಬುತ್ತದೆ. ಇದರಿಂದ ನೀರು ನಿಲ್ಲುತ್ತದೆ, ಬಲ ಬರುವುದಿಲ್ಲ. ಭಾರದಿಂದ ಬಿರಿದ ಗೋಡೆಗೆ ಇದೊಂದನ್ನೇ ನೆಚ್ಚಬಾರದು. ಈ ರಾಳದಲ್ಲಿಯೂ ಬಗೆಗಳುಂಟು. ನೀರು ಹೀರಿ ಲೋಳೆಯಾಗುವ ಬಗೆ, ಬೇಸಗೆಯಲ್ಲಿ ಗೋಡೆ ಪೂರ್ತಿ ಒಣಗಿದರೆ ಕುಗ್ಗಿಬಿಡುತ್ತದೆ. ನೀರು ರಭಸದಿಂದ ಚಿಮ್ಮುತ್ತಿದ್ದರೆ ಮೊದಲು ನಿಮಿಷಗಳಲ್ಲಿ ಗಟ್ಟಿಯಾಗುವ ಸಿಮೆಂಟಿನಿಂದ ಬೆಣೆ ಹಾಕುತ್ತಾರೆ. ಅದಕ್ಕೆ ಕೊರೆಯುವ ಗುಳಿ ಬಾಯಿಗಿಂತ ಒಳಗೆ ಅಗಲವಾಗಿರಬೇಕು. ಇಲ್ಲದಿದ್ದರೆ ನೀರೇ ಬೆಣೆಯನ್ನು ಹೊರಕ್ಕೆ ನೂಕುತ್ತದೆ. ಬಿಸಿಲು ಚಳಿಗೆ ತೆರೆದು ಮುಚ್ಚುವ ಬಿರುಕನ್ನು ಗಟ್ಟಿ ವಸ್ತುವಿನಿಂದ ತುಂಬಿದರೆ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಅದಕ್ಕೆ ಹಿಗ್ಗಿ ಕುಗ್ಗುವ ಮೆದು ತುಂಬಿಕೆಯೇ ಬೇಕು.

ತುಕ್ಕು ಹಿಡಿದ ಕಡೆ ರಾಳ ಚುಚ್ಚುವುದು ಹುಣ್ಣಿನ ಮೇಲೆ ಪಟ್ಟಿ ಸುತ್ತಿದಂತೆ. ಸಡಿಲ ಕಾಂಕ್ರೀಟನ್ನು ಒಡೆದು, ಸರಳಿನ ಹಿಂಬದಿಯವರೆಗೂ ಬಿಡಿಸಿ, ಕಬ್ಬಿಣ ಹೊಳೆಯುವಂತೆ ಉಜ್ಜಿ, ಸವೆದ ಸರಳಿಗೆ ಹೊಸ ಸರಳು ಜೋಡಿಸಿ, ರಕ್ಷಣೆಯ ಲೇಪ ಬಳಿದು, ಆಮೇಲೆ ತಕ್ಕ ಗಾರೆಯನ್ನೋ ಸಣ್ಣ ಜಲ್ಲಿಯ ಕಾಂಕ್ರೀಟನ್ನೋ ತುಂಬಬೇಕು. ತುಂಬಿದ್ದಕ್ಕೆ ಹೇಳಿದಷ್ಟು ದಿನ ನೀರುಣಿಸಬೇಕು. ಕಂಬವನ್ನೋ ಅಡಿಪಾಯವನ್ನೋ ಹೀಗೆ ಒಡೆಯುವ ಮೊದಲು ಮೇಲಿನ ಭಾರಕ್ಕೆ ಊರೆಗಳನ್ನು ಕೊಡಬೇಕು. ಊರೆಯಿಲ್ಲದೆ ಸುತ್ತಿಗೆ ಎತ್ತುವ ಗುತ್ತಿಗೆದಾರನನ್ನು ಅಲ್ಲಿಯೇ ತಡೆಯಿರಿ. ಅಡಿಪಾಯವೇ ಕುಸಿಯುತ್ತಿದ್ದರೆ ಗೋಡೆಯ ಬಿರುಕು ತುಂಬಿ ಫಲವಿಲ್ಲ. ಮೊದಲು ಮಣ್ಣು ಕೊಚ್ಚುತ್ತಿರುವ ಚರಂಡಿಯನ್ನು ಸರಿಪಡಿಸಿ, ಇಂಜಿನಿಯರಿನ ಲೆಕ್ಕದಂತೆ ಅಡಿಪಾಯಕ್ಕೆ ಕೆಳಗಿನಿಂದ ಆಧಾರ ಕೊಡಬೇಕು.

ನೀರನ್ನು ಎಲ್ಲ ಕಡೆಯಿಂದ ತಡೆಯುವುದೊಂದೇ ಜಾಣತನವಲ್ಲ. ಒಂದು ಬಿರುಕು ಮುಚ್ಚಿದರೆ ಒತ್ತಡದ ನೀರು ಮತ್ತೊಂದು ಸಂದು ಹುಡುಕುತ್ತದೆ. ಅದಕ್ಕೆ ಹೋಗಲು ದಾರಿಯನ್ನೂ ಮಾಡಬೇಕು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ನಿಂತವರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಅವರು ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳು, ನೆರೆ ಗೊತ್ತಾದ ಮಟ್ಟ ಮೀರಿದಾಗ ತಾವಾಗಿ ತೆರೆದು ನೀರನ್ನು ಬಿಟ್ಟು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದುವು. ಹಿಡಿಯುವಷ್ಟು ಹಿಡಿ, ಮಿಕ್ಕುದಕ್ಕೆ ದಾರಿ ಬಿಡು ಎಂಬ ಆ ಬುದ್ಧಿ ನೆಲಮಾಳಿಗೆಗೂ ಸಲ್ಲುತ್ತದೆ. ಹೊರಗಿನ ನೆಲ ಗೋಡೆಯಿಂದ ದೂರಕ್ಕೆ ಇಳಿಜಾರಾಗಿರಲಿ. ಮಾಳಿಗೆಯ ಮಳೆನೀರಿನ ಕೊಳವೆ ಗೋಡೆಯ ಬುಡಕ್ಕೆ ಬೀಳದಿರಲಿ. ಸಾಧ್ಯವಾದಲ್ಲಿ ಹೊರಮೈಗೆ ಜಲನಿರೋಧಕ ಪದರ, ಬುಡದಲ್ಲಿ ಜಲ್ಲಿ ತುಂಬಿದ ಕಾಲುವೆ, ಒಳಗೆ ಗುಂಡಿ ಮತ್ತು ಪಂಪು ಇರಲಿ. ಪಂಪು ಎಳೆಯುವ ನೀರಿನಲ್ಲಿ ಮರಳು ಬರುತ್ತಿದ್ದರೆ ಕೂಡಲೆ ನಿಲ್ಲಿಸಿ ವಿಚಾರಿಸಬೇಕು. ಆ ಮರಳು ಬರುತ್ತಿರುವುದು ನಮ್ಮ ಅಥವಾ ನೆರೆಯವರ ಅಡಿಪಾಯದ ಕೆಳಗಿನಿಂದ.

ಇದೆಲ್ಲ ಬರಿಯ ದಾಸ್ತಾನು ಕೆಡುವ ಮಾತಲ್ಲ. 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರೋಡಿನ ಬಾಬು ಗೇನು ಕಟ್ಟಡ ಕುಸಿದು 61 ಮಂದಿ ಸತ್ತರು. ಅದರ ನೆಲಮಹಡಿ ಗೋದಾಮಾಗಿತ್ತು; ಅಲ್ಲಿ ಮಾಡಿದ ಮಾರ್ಪಾಟುಗಳ ಮೇಲೆ ದೂರು ಬಂದಿತು. 2017ರ ಜುಲೈ 25ರಂದು ಘಾಟಕೋಪರಿನಲ್ಲಿ ಇನ್ನೊಂದು ಕಟ್ಟಡ ಬಿದ್ದು 17 ಮಂದಿ ಹೋದರು. ಅಲ್ಲಿಯೂ ನೆಲಮಹಡಿ ವಹಿವಾಟಿನದು. ನವೀಕರಣದಲ್ಲಿ ಕಂಬಗಳಿಗೆ ಕೈಹಾಕಿದರೆಂಬುದೇ ಆರೋಪ. ಎರಡು ಕಡೆಯೂ ಮೇಲೆ ಸಂಸಾರಗಳಿದ್ದುವು. ಕೆಳಗಿನ ಅಂಗಡಿಯವರು ಜಾಗ ಅಗಲ ಮಾಡಲೆಂದು ಕಂಬ ಕೆತ್ತುವುದು, ಕೊಳವೆಗಾಗಿ ತೊಲೆ ಕೊರೆಯುವುದು, ಲೆಕ್ಕವಿಲ್ಲದೆ ಮೇಲೆ ನೀರಿನ ಟಾಕಿ ಕೂರಿಸುವುದು, ಇವು ತಮ್ಮ ಗೋಡೆಯೊಳಗಿನ ಸ್ವಂತ ವ್ಯವಹಾರವಲ್ಲ.

ಮುಂಬಯಿ ಮಹಾನಗರಪಾಲಿಕೆಯ 1888ರ ಕಾಯಿದೆಯ 353-ಬಿ ಕಲಮಿನ ಪ್ರಕಾರ, 30 ವರ್ಷ ದಾಟಿದ ಕಟ್ಟಡವನ್ನು ನೋಂದಾಯಿತ ಇಂಜಿನಿಯರಿಂದ ಪರೀಕ್ಷೆ ಮಾಡಿಸಿ ಅದರ ಸ್ಥಿರತೆಯ ಪ್ರಮಾಣಪತ್ರ ಒಪ್ಪಿಸತಕ್ಕದ್ದು. ಇದನ್ನು ಕಾಟವೆಂದು ತಿಳಿಯದೆ ಉಪಕಾರವೆಂದು ತಿಳಿಯಬೇಕು. ಸೊಸೈಟಿಯ ಸಭೆಗಳಲ್ಲಿ ಏಳುವ ಜಗಳ ನಮಗೆಲ್ಲ ಗೊತ್ತು. ಸೋರುವುದು ಕೆಳಗಿನವರಿಗೆ, ನಾವೇಕೆ ಕೊಡಬೇಕು ಎಂದು ಮೇಲಿನವರು. ಮೇಲಿನ ಭಾರವೆಲ್ಲ ನಮ್ಮ ತಲೆಯ ಮೇಲೆ, ನಾವೊಬ್ಬರೇ ಏಕೆ ಎಂದು ಕೆಳಗಿನವರು. ಅಡಿಪಾಯಕ್ಕೆ ಮಹಡಿಯ ಭೇದವಿಲ್ಲ. ನಾಲ್ಕನೆಯ ಮಹಡಿಯ ಕಚೇರಿಯೂ ಅದೇ ಪಾಯದ ಮೇಲೆ ನಿಂತಿದೆ. ಖರ್ಚು ಹಂಚಿಕೊಳ್ಳಲು ಒಪ್ಪದೆ ಒಂದು ಮಳೆಗಾಲ ಕಳೆದರೆ, ಮರುವರ್ಷ ಹಂಚಿಕೊಳ್ಳಬೇಕಾದ ಮೊತ್ತ ಹಿರಿದಾಗಿರುತ್ತದೆ.

ಗುತ್ತಿಗೆಯ ಕಾಗದದ ವಿಷಯ ಒಂದೆರಡು ಮಾತು. ಪರಭಾಷೆಯ ಊರಿನಲ್ಲಿ ಓದದೆ ರುಜು ಹಾಕುವುದು ನಮ್ಮವರಲ್ಲಿ ರೂಢಿಯಾಗಿಬಿಟ್ಟಿದೆ. ಮರಾಠಿ ಮೇಸ್ತ್ರಿಯೊಡನೆ ಮಾತನಾಡಲು ಸಂಕೋಚವೇಕೆ? ಅವರ 'ಪಾಯಾ' ನಮ್ಮ ಪಾಯ. ಅವರ 'ಗಿಲಾವಾ' ನಮ್ಮ ಗಿಲಾವು. ಬಿರುಕಿಗೆ 'ತಡಾ', ಸೋರಿಕೆಗೆ 'ಗಳತೀ' ಎಂಬೆರಡು ಮಾತು ಕಲಿತರೆ ಅರ್ಧ ಕೆಲಸವಾಯಿತು. ಕಾಗದದಲ್ಲಿ ಸೋರಿಕೆಯ ಕಾರಣ ಏನೆಂದು ಬರೆದಿರಬೇಕು. ಬರಿಯ 'ವಾಟರ್‌ಪ್ರೂಫಿಂಗ್ ಕೆಲಸ' ಎಂದಿದ್ದರೆ ಸಾಲದು. ಯಾವ ರಾಳ, ಯಾವ ಕ್ರಮ, ಎಷ್ಟು ಮೀಟರು ಬಿರುಕು, ಎಷ್ಟು ಕಿಲೋ ಸಾಮಗ್ರಿ, ಇವೂ ಇರಬೇಕು. ಕಿಲೋ ಲೆಕ್ಕಕ್ಕೆ ಮಾತ್ರ ಹಣ ಕೊಟ್ಟರೆ ಬೇಡದ ಕಡೆಯೂ ರಾಳ ಹೋಗುತ್ತದೆ. ಒಟ್ಟು ಗುತ್ತಿಗೆಗೆ ಕೊಟ್ಟರೆ ಬೇಕಾದ ಕಡೆಯೂ ಹೋಗುವುದಿಲ್ಲ. ಆದುದರಿಂದ ಮೀಟರೂ ಕಿಲೋವೂ ಎರಡೂ ದಿನದಿನವೂ ದಾಖಲಾಗಲಿ. ಕೊನೆಯ ಕಂತಿನ ಹಣ ಮುಂದಿನ ಮಳೆಗಾಲ ನೋಡಿದ ಮೇಲೆ ಸಲ್ಲುವಂತೆ ಕರಾರಿರಲಿ.

ಮಹನೀಯರೆ, ಈ ವಾರ ತಮ್ಮ ಅಂಗಡಿಯ ಕೆಳಗೆ ಒಂದು ಟಾರ್ಚು ಹಿಡಿದು ಇಳಿಯಿರಿ. ಗೋಡೆಗೆ ಒರಗಿಸಿದ ಚೀಲಗಳನ್ನು ಒಂದು ಅಡಿ ಈಚೆಗೆ ಸರಿಸಿ ಹಿಂಬದಿ ನೋಡಿ. ಕಂಡ ಬಿರುಕಿಗೆ ತಾರೀಖು ಹಾಕಿ. ಕಂದು ಕಲೆಯನ್ನೋ ಒಳಕ್ಕೆ ಉಬ್ಬಿದ ಗೋಡೆಯನ್ನೋ ಕಂಡರೆ, ಇಂಜಿನಿಯರು ನೋಡಿ ಸರಿಯೆನ್ನುವವರೆಗೆ ಹುಡುಗರ ಹಾಸಿಗೆಯನ್ನು ಅಂದಿನ ರಾತ್ರಿಯಿಂದಲೇ ಬೇರೆ ಕಡೆಗೆ ಸಾಗಿಸಿ. ಅವರ ತಾಯಿತಂದೆಯರು ನಮ್ಮನ್ನು ನಂಬಿ ಊರಿನಿಂದ ಕಳುಹಿಸಿದ್ದಾರೆ. ಬರೆದಿಟ್ಟ ನೋಟುಬುಕ್ಕುಗಳನ್ನು ಡಿಸೆಂಬರಿನೊಳಗೆ ಸಂಘಕ್ಕೆ ತನ್ನಿ. ನಮ್ಮ ಸದಸ್ಯರಲ್ಲಿ ಕಟ್ಟಡದ ವಿದ್ಯೆ ಬಲ್ಲವರು ಹಲವರಿದ್ದಾರೆ. ಒಂದು ಭಾನುವಾರ ಕೂತು ಒಟ್ಟಿಗೆ ನೋಡೋಣ, ಯಾರ ಗೋಡೆಗೆ ಮೇಸ್ತ್ರಿ ಸಾಕು, ಯಾರ ಗೋಡೆಗೆ ಇಂಜಿನಿಯರು ಬೇಕು ಎಂದು ವಿಂಗಡಿಸೋಣ. ಮೇ ತಿಂಗಳು ಬರುವ ಮುನ್ನ ಕೆಲಸ ಮುಗಿದಿರಲಿ.